ಪ್ರತಿ ವರ್ಷ ಅದೇ ಗುಂಡಿ

ನನ್ನಮ್ಮ ಮರಗಳ ಬಗ್ಗೆ ಬರೆಯುತ್ತಾಳೆ. ಕವಿತೆಯಲ್ಲ. ವಿಮಾನಪುರದ ಹತ್ತಿರ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ವಾರ್ಷಿಕ ವರದಿ ಬರೆಯುತ್ತಾಳೆ: ಕಂಪನಿ ಪರಿಸರಕ್ಕೇನು ಮಾಡಿತು, ಕೆಲಸಗಾರರನ್ನು ಹೇಗೆ ನೋಡಿಕೊಂಡಿತು, ಎಷ್ಟು ನೇರವಾಗಿ ನಡೆದುಕೊಂಡಿತು. ಕೊನೆಗೆ ಅವಳದೇ ಸಹಿ.

ಕಳೆದ ವರ್ಷ ಸಸಿ ನೆಡುವ ದಿನ ಫೋಟೋಕ್ಕೆ ‘ಮುಂದಿನ ಪೀಳಿಗೆ’ ಬೇಕಿತ್ತಂತೆ. ಇಡೀ ಜೀವನ್ ಬಿಮಾ ನಗರದಲ್ಲಿ ನನಗಿಂತ ಸುಂದರ ಪೀಳಿಗೆ ಸಿಗಲಿಲ್ಲ. ಕಾರ್ಖಾನೆಯ ಹಿಂದೆ ಒಂದು ಹೊಂಗೆ ಸಸಿ ನೆಟ್ಟೆ. ಮಣ್ಣು ಬೆಣ್ಣೆಯಂತೆ ಮೆತ್ತಗಿತ್ತು. ನನ್ನ ತೋಳಬಲ ಅಂದುಕೊಂಡೆ. ಮೇಲೆ ಹಾರಿದ ವಿಮಾನದ ನೆರಳು ಸಸಿಗಳ ಮೇಲೆ ಜಾರಿದಾಗ, ಎಲೆಗಳೆಲ್ಲ ಒಂದು ಕ್ಷಣ ನೀರಿನಡಿ ತೂಗುತ್ತಿರುವಂತೆ ಕಂಡವು.

ಶಾಲೆಯಲ್ಲಿ, ಕಾಡು ಬೆಳೆಸಿದ್ದೇನೆ, ಚಿರತೆ ಬಂದರೂ ಬರಬಹುದು ಎಂದೆ.

“ಬಿಲ್ಡಪ್ ಸಾಕು ಮಗಾ. ಒಂದಿನ ಕರ್ಕೊಂಡ್ ಹೋಗಿ ತೋರ್ಸು,” ಎಂದ ಗೆಳೆಯ.

ಆ ಭಯಕ್ಕೆ, ಶಾಲೆ ಬಿಟ್ಟು ಸಂಜೆ ಕಾರ್ಖಾನೆಯಲ್ಲಿ ಅಮ್ಮನ ಸ್ಕೂಟರಿಗೆ ಕಾಯುವಾಗೆಲ್ಲ ನನ್ನ ಸಸಿಗೆ ಒಂದು ಬಾಟಲಿ ನೀರು ಹಾಕುತ್ತಿದ್ದೆ. ಉಳಿದವು ಒಣಗುವುದನ್ನು ನೋಡಿಯೂ ಬಾಯಿ ಬಿಡಲಿಲ್ಲ.

ಈ ವರ್ಷ ವರದಿಯನ್ನು ಹೊರಗಿನವರು ಬಂದು ಪರಿಶೀಲಿಸುತ್ತಾರೆ ಎಂದಾಯಿತು. ಅವರು ಬರುವ ಹಿಂದಿನ ಸಂಜೆ ಅಮ್ಮ ಗಿಡ ನೋಡಲು ಹೊರಟಳು, ಹಿಂದೆ ನಾನು. ತೋಟದ ಕೆಲಸದ ರಾಯಚೂರಿನ ಅಕ್ಕ ಗುದ್ದಲಿಯಿಂದ ಗುಂಡಿ ತೆಗೆಯುತ್ತಿದ್ದಳು.

“ಗಿಡಗಳೆಲ್ಲಿ ರೀ?” ಎಂದಳು ಅಮ್ಮ.

“ಸತ್ತಾವ್ರೀ ಮೇಡಂ. ವರ್ಷಾ ಇದ ತಗ್ಗಿನಾಗ ಹಚ್ತೀವಿ, ಫೋಟೋ ತಗೀತಾರ, ಹೋಗ್ತಾರ. ನೀರಿನ ಪೈಪ ಇಲ್ರೀ ಇಲ್ಲಿ.”

ಇಷ್ಟು ವರ್ಷ ಅಮ್ಮ ಬರೆದ ಕಾಡೆಲ್ಲ ಈ ಒಂದು ಸಾಲು ಗುಂಡಿಯೊಳಗೇ ಇತ್ತು. ಮ್ಯಾನೇಜರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

“ನೆಟ್ಟಿದೀವಿ ಅಂತ ಬರೀರಿ ಮೇಡಂ, ಬದುಕಿದ್ಯಾ ಅಂತ ಯಾರ್ ಕೇಳಿದ್ರು?”

“ನಾಳೆ ಬರೋರು ಕೇಳ್ತಾರೆ ಸಾರ್. ಸಹಿ ನಂದು.”

ಆಮೇಲೆ ಮೂಲೆಯಲ್ಲಿದ್ದ ನನ್ನ ಹೊಂಗೆ ಅವಳ ಕಣ್ಣಿಗೆ ಬಿತ್ತು. ಎತ್ತರ ಮೊಣಕಾಲಿನಷ್ಟು, ಶಾಲೆಯಲ್ಲಿ ಮೋಡದಷ್ಟು. ಎಳೆ ಎಲೆಗಳು ಸಂಜೆ ಬಿಸಿಲಲ್ಲಿ ಗಾಜಿನಂತಿದ್ದವು.

“ಇದಕ್ಯಾರು ನೀರು ಹಾಕಿದ್ದು?”

ಮೊದಲ ಸಲ ಜಂಬ ಕೊಚ್ಚಲು ನಾಲಿಗೆ ಏಳಲಿಲ್ಲ. “ನಾನು. ಇದೊಂದಕ್ಕೇ ಹಾಕ್ದೆ ಅಮ್ಮ.”

ಅಮ್ಮ ಗುಂಡಿಯ ಅಂಚಲ್ಲೇ ಕೂತು ಲ್ಯಾಪ್‌ಟಾಪ್ ತೆರೆದಳು. ಪ್ರತಿ ವರ್ಷ ಅದೇ ಗುಂಡಿಗಳಲ್ಲಿ ನೆಡಲಾಗಿದೆ, ನೀರಿನ ವ್ಯವಸ್ಥೆ ಇಲ್ಲ, ಬದುಕಿರುವುದು ಒಂದು ಎಂದು ಬರೆದಳು.

“ಯಾರು ಬದುಕಿಸಿದ್ದು ಅಂತ ಬರಿಯಲ್ವಾ?”

“ಕಂಪನಿ ಅಲ್ವಲ್ಲ,” ಎಂದು ಸಹಿ ಹಾಕಿದಳು.