ರಾತ್ರಿ ಸವಾರರ ದಾರಿ ಬಾಚುವ ತಿರುವಕ್ಕ

ಬೆಳಗಿನ ಐದು ಮುಕ್ಕಾಲು. ಹಳೆಯ ಕ್ಯಾರಿಯರ್ ಸೈಕಲ್ಲನ್ನು ಗುಡ್ಡದ ಗೇಟಿಗೆ ಒರಗಿಸಿ ತಿರುವಕ್ಕ ಒಳಗೆ ಕಾಲಿಡುತ್ತಾರೆ. ಒಂದು ಹೆಗಲ ಮೇಲೆ ಗುದ್ದಲಿ, ಇನ್ನೊಂದರ ಮೇಲೆ ಕಬ್ಬಿಣದ ಹಲ್ಲಿನ ದಂತಾಳೆ. ನಾಲ್ಕು ಹೆಜ್ಜೆ ನಡೆದು, ಸೊಂಟ ಬಗ್ಗಿಸಿ ನೆಲ ನೋಡುತ್ತಾರೆ. ಬೇರೆಯವರು ಎದ್ದ ಕೂಡಲೇ ಪೇಪರ್ ಓದುವ ಹಾಗೆ ಇವರು ಟೈರಿನ ಗುರುತು ಓದುತ್ತಾರೆ.

ಬುಧವಾರ ಮತ್ತು ಶನಿವಾರ ರಾತ್ರಿ ಈ ಗುಡ್ಡದ ಕಾಲುದಾರಿಯಲ್ಲಿ ದೀಪ ಕಟ್ಟಿಕೊಂಡ ಸೈಕಲ್ಲುಗಳು ಇಳಿಯುತ್ತವೆ. ದಪ್ಪ ಟೈರಿನ, ಕಲ್ಲು ಬೇರುಗಳಿಗೆ ಜಗ್ಗದ ಸೈಕಲ್ಲುಗಳು. ಮರುದಿನ ಬೆಳಗ್ಗೆ ಆ ರಾತ್ರಿಯ ಕಥೆಯೆಲ್ಲ ಮಣ್ಣಿನ ಮೇಲೆ ಬಿದ್ದಿರುತ್ತದೆ.

"ಇವ್ನು ನೋಡಿ, ಆರಾಮಾಗಿ ಬಂದಿದಾನೆ. ಟೈರಿನ ಒಂದೊಂದು ಹಲ್ಲೂ ಅಚ್ಚು ಒತ್ತಿದ ಹಾಗಿದೆ," ಎನ್ನುತ್ತಾರೆ ಅಕ್ಕ. ಎರಡು ಮಾರು ಮುಂದೆ ಹೋಗಿ ನಗುತ್ತಾರೆ. "ಈ ಪುಣ್ಯಾತ್ಮಂದು ನೋಡಿ. ಬ್ರೇಕ್ ಅದುಮಿ, ಚಕ್ರ ತಿರುಗ್ದೇನೇ ಉಜ್ಕೊಂಡು ಹೋಗಿದೆ. ಇಲ್ಲಿ ಹೆದರೋಕೆ ಏನಿತ್ತು? ಒಂದು ಎಲೆ ನೆರಳು ಹಳ್ಳದ ಥರ ಕಂಡಿರತ್ತೆ. ಹೊಸಬರಿಗೆ ರಾತ್ರಿ ಎಲ್ಲಾ ಹಳ್ಳನೇ."

ಬೇರೆ ದಿನವಾದರೆ ಓದುತ್ತಲೇ ದಂತಾಳೆ ಎಳೆದು ಅಳಿಸಿಬಿಡುತ್ತಾರೆ. ಇವತ್ತು ದಂತಾಳೆ ಹೆಗಲಿನಿಂದ ಇಳಿದಿಲ್ಲ. ಏಳು ಗಂಟೆಗೆ ಉದ್ಯಾನ ಕಚೇರಿಯ ಮೇಡಂ ಖುದ್ದಾಗಿ ಬಂದು ಒಂಬತ್ತನೇ ತಿರುವಿನ ಗುರುತು ನೋಡುತ್ತಾರೆ. ನೋಡಿ ಸರಿಯೆನಿಸಿದರೆ ರಾತ್ರಿ ಸವಾರಿ ಮುಂದುವರಿಯುತ್ತದೆ. ಇಲ್ಲದಿದ್ದರೆ ಸಂಜೆ ಆರಕ್ಕೆ ಗೇಟಿಗೆ ಬೀಗ. ಒಂಬತ್ತನೇ ತಿರುವಿಗೆ ನೇರ ಹತ್ತುವ ಅಡ್ಡದಾರಿ ಇದೆ. ಅವಸರವಿದ್ದರೂ ಅಕ್ಕ ಅದನ್ನು ಹಿಡಿಯುವುದಿಲ್ಲ. ಹನ್ನೊಂದು ವರ್ಷದಿಂದ ಅವರು ಒಂದರಿಂದಲೇ ಎಣಿಸಿಕೊಂಡು ಹೋಗುವವರು.

ವಯಸ್ಸು ಐವತ್ಮೂರು. ಇಲ್ಲಿಗೆ ಬರುವ ಮುಂಚೆ ರಸ್ತೆ ಕೆಲಸದಲ್ಲಿ ಮಣ್ಣು ಹೊರುತ್ತಿದ್ದರು. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊರೆಯುತ್ತದೆ ಎಂಬುದನ್ನು ಅಲ್ಲೇ ಕಲಿತರು. ಎಂಟು ಕಿಲೋಮೀಟರ್ ದಾರಿ, ಇಪ್ಪತ್ಮೂರು ತಿರುವು, ನೀರು ಪಕ್ಕಕ್ಕೆ ಹೊರಳಿಸುವ ನಲವತ್ತೊಂದು ಕಾಲುವೆ, ಎಲ್ಲಕ್ಕೂ ಇವರೊಬ್ಬರೇ. ದಿನಕ್ಕೆ ಹತ್ತು ಹನ್ನೆರಡು ಬಾಂಡ್ಲಿ ಕಲ್ಲು ಹೆಕ್ಕುತ್ತಾರೆ. ಒಂದು ಮಳೆಗಾಲದಲ್ಲಿ ಒಂದೇ ರಾತ್ರಿಗೆ ಆರು ತಿರುವು ಕೊಚ್ಚಿಹೋಗಿದ್ದವು. ಹತ್ತೊಂಬತ್ತು ದಿನದಲ್ಲಿ ಎಲ್ಲವನ್ನೂ ಮತ್ತೆ ಕಟ್ಟಿದರು. ಹೊರಗಿನ ಅಂಚಿಗೆ ಮಣ್ಣೇರಿಸಿ, ಬಾಣಲೆಯ ಬದಿಯಂತೆ ಓರೆ ಮಾಡಿ, ಕಾಲಿನಿಂದ ತುಳಿದು ಗಟ್ಟಿ ಮಾಡಿ, ಆಮೇಲೆ ಯಾರಾದರೂ ಸವಾರ ಸಿಕ್ಕರೆ ನಿಲ್ಲಿಸಿ "ಇನ್ನೊಂದ್ಸಲ ಇಳಿ, ನೋಡ್ಬೇಕು" ಎನ್ನುತ್ತಿದ್ದರು. ತಿರುವಕ್ಕ ಎಂಬ ಹೆಸರು ಅಂಟಿಕೊಂಡದ್ದು ಆಗ. ಅಂಟಿಸಿದವನು ಪೇಟೆಯ ಸೈಕಲ್ ಅಂಗಡಿಯವನು. ರಾತ್ರಿ ಸವಾರಿ ನಡೆಸುವವನೂ ಅವನೇ.

ಸವಾರಿ ಶುರುವಾಗಿ ಮೂರು ತಿಂಗಳು. ಮೊದಮೊದಲು ನುರಿತವರಷ್ಟೇ ಬಂದರು. ಆಮೇಲೆ ಸುದ್ದಿ ಹಬ್ಬಿ ಹೊಸಬರು ಬರತೊಡಗಿದರು: ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು, ಬಸ್ ತೊಳೆಯುವವನು, ಪಾಳಿ ಮುಗಿಸಿದ ಇಬ್ಬರು ನರ್ಸುಗಳು. ಹೊಸಬರು ಬಂದ ಮೇಲೆ ಒಂಬತ್ತನೇ ತಿರುವಿನಲ್ಲಿ ಒಬ್ಬರಾದ ಮೇಲೊಬ್ಬರು ಬಿದ್ದರು. ಒಬ್ಬರಿಗೆ ಮಣಿಕಟ್ಟು ಉಳುಕಿತು, ಒಬ್ಬರಿಗೆ ಮಂಡಿ ತರಚಿತು. ಮೂರನೆಯವರು ಬೇಕರಿಯ ಹೆಂಗಸು. ಅವರ ಹೆಗಲೆಲುಬು ಬಿರುಕು ಬಿಟ್ಟಿತು. ಆಗ ಮೇಡಂ ಅಕ್ಕನನ್ನು ಕಚೇರಿಗೆ ಕರೆಸಿದರು.

"ಹಗಲಲ್ಲಿ ಬಿದ್ರೆ ಮೇಲಿನವರಿಗೆ ಏನಾದ್ರೂ ಉತ್ತರ ಹೇಳ್ತೀನಿ. ರಾತ್ರಿ ಬಿದ್ರೆ ಏನ್ ಹೇಳ್ಲಮ್ಮಾ? ಬಾಗಿಲು ತೆಗೆದಿದ್ದೇ ತಪ್ಪು ಅಂತಾರೆ," ಎಂದರು ಮೇಡಂ. ಕೆಟ್ಟವರಲ್ಲ, ಅವರಿಗೂ ಮೇಲೊಬ್ಬರಿದ್ದಾರೆ.

ಸವಾರಿ ನಿಂತರೆ ಅಕ್ಕನ ಸಂಬಳವೇನೂ ಕಡಿಮೆಯಾಗುವುದಿಲ್ಲ. ಬೆಳಗಿನ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತದೆ. ಆದರೂ ಸವಾರಿ ನಿಲ್ಲುವುದು ಅವರಿಗೆ ಬೇಕಿರಲಿಲ್ಲ. "ಹಗಲು ಬರೋರು ರಜೆ ಇದ್ದೋರು. ರಾತ್ರಿ ಬರೋರು ದುಡಿದು ಬರೋರು, ನನ್ನಂಥೋರು. ಅವರಿಗೆ ಬೇರೆ ಹೊತ್ತು ಎಲ್ಲಿದೆ? ಅದೂ ಅಲ್ದೆ ತಿರುವು ನಂದು. ನಾನು ಕಟ್ಟಿದ್ದು ಜನಾನ ಬೀಳಿಸ್ತಾ ಇದೆ ಅಂದ್ರೆ ಹೆಂಗೆ ಸುಮ್ನಿರ್ಲಿ?"

ತಿರುವಿನಲ್ಲಿ ಹಗಲು ಹತ್ತು ಸಲ ಹತ್ತಿಳಿದರು. ಓರೆ ಸರಿ, ಮಣ್ಣು ಗಟ್ಟಿ, ಒಂದು ಸಡಿಲ ಕಲ್ಲಿಲ್ಲ. ಆದರೆ ಬಿದ್ದ ಮೂವರ ಗುರುತೂ ಒಂದೇ ಥರ ಇದ್ದದ್ದು ಅವರಿಗೆ ನೆನಪಿತ್ತು: ತಿರುಗಲೇ ಇಲ್ಲ, ಹಗ್ಗ ಹಿಡಿದಂತೆ ನೇರ ಹೋಗಿ ಹೊರ ಅಂಚಿನ ಬಂಡೆಯ ಬುಡಕ್ಕೇ ಬಿದ್ದಿದ್ದಾರೆ. ಹಗಲಿಗೆ ಕಾಣದ್ದು ರಾತ್ರಿ ಏನೋ ಇದೆ. ಅದನ್ನು ನೋಡಬೇಕಾದರೆ ಸೈಕಲ್ ಮೇಲೆ ಕೂತೇ ನೋಡಬೇಕು.

ಇಪ್ಪತ್ತಾರು ವರ್ಷ ರಾತ್ರಿ ಲಾರಿ ಓಡಿಸಿ ಈಗ ಮನೆಯಲ್ಲಿರುವ ಯಜಮಾನರಿಗೆ ಅಕ್ಕ ವಿಷಯ ಹೇಳಿದ್ದು, ಬಟ್ಟೆ ಒಗೆಯುವ ಅಂಗಡಿಯ ಮೇಲಿನ ತಮ್ಮ ಎರಡು ಕೋಣೆಯ ಮನೆಯಲ್ಲಿ, ಪಾತ್ರೆ ಉಜ್ಜುತ್ತ, ಮುಖ ತಿರುಗಿಸದೆ.

"ರೀ, ನಾನು ಗುಡ್ಡದಲ್ಲಿ ರಾತ್ರಿ ಸೈಕಲ್ ಇಳಿಸ್ಬೇಕು ಅಂತಿದೀನಿ."

"ಇಳಿಸು. ಸೊಂಟ ಮುರ್ಕೊಂಡ್ರೆ ಹೊತ್ಕೊಂಡು ಬರೋಕೆ ಈಗ ನನ್ನ ಹತ್ರ ಲಾರಿನೂ ಇಲ್ಲ, ನೆನಪಿಟ್ಕೋ."

"ಲಾರಿ ಇದ್ದಾಗ ಎಷ್ಟು ಸಲ ಕೂರಿಸ್ಕೊಂಡು ಹೋಗಿದ್ರಿ, ಪಾಪ."

ಅಂಗಡಿಯವನು ಬೇರೆ ಥರ ಹೆದರಿದ. "ಅಕ್ಕಾ, ನಿನಗೇನಾದ್ರೂ ಆದ್ರೆ ದಾರಿ ನೋಡ್ಕೊಳೋರು ಯಾರು?" ಎಂದು ಗೊಣಗುತ್ತಲೇ, ಚೌಕಟ್ಟು ತಗ್ಗಾಗಿರುವ ಒಂದು ಸೈಕಲ್ ಹೊರತೆಗೆದ. ಕಲಿಸುವುದಕ್ಕೆ ಮಾತ್ರ ಅವನು ಕಟ್ಟುನಿಟ್ಟು. ಮೊದಲ ನಾಲ್ಕು ದಿನ ಬೆಳಕಿನಲ್ಲೇ ಇಳಿಸಿದ. ಬೆಳಕಲ್ಲಿ ಗೊತ್ತಿಲ್ಲದ ದಾರಿಗೆ ಕತ್ತಲಲ್ಲಿ ಹೋಗಬಾರದು ಎಂದ. ಇಳಿಜಾರಿನಲ್ಲಿ ಸೀಟು ಬಿಟ್ಟೆದ್ದು, ಮೊಣಕೈ ಸಡಿಲ ಬಿಟ್ಟು, ಒಂದೊಂದು ಬೆರಳು ಮಾತ್ರ ಬ್ರೇಕಿನ ಮೇಲಿಡಲು ಹೇಳಿದ. ಒಂಟಿಯಾಗಿ ಹೋಗಬಾರದು. ಹಿಂದೆ ಕೆಂಪು ದೀಪ ಇರಬೇಕು. ಜೇಬಿನಲ್ಲಿ ಇನ್ನೊಂದು ಪುಟ್ಟ ಟಾರ್ಚ್ ಬೇಕೇ ಬೇಕು, ನಡುದಾರಿಯಲ್ಲಿ ಬ್ಯಾಟರಿ ಸತ್ತರೆ ಮನೆ ಮುಟ್ಟಬೇಕಲ್ಲ. ಹ್ಯಾಂಡಲ್ಲಿಗೆ ಹಾಕುವ ದೀಪ ಅಕ್ಕನ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಗೂಡಿನಲ್ಲಿ ಚಾರ್ಜ್ ಆಗತೊಡಗಿತು.

ಐದನೇ ದಿನ ಕತ್ತಲಾದ ಮೇಲೆ ಅಕ್ಕ, ಅಂಗಡಿಯವನು ಇಬ್ಬರೂ ಹೊರಟರು. ಅದನ್ನು ಹೇಳುವಾಗ ಅಕ್ಕನ ಕೈ ತಾನಾಗಿಯೇ ಹ್ಯಾಂಡಲ್ ಹಿಡಿಯುತ್ತದೆ. "ಹನ್ನೊಂದು ವರ್ಷ ತುಳಿದ ದಾರಿ, ಗುರುತೇ ಸಿಗ್ಲಿಲ್ಲ ಅಂದ್ರೆ ನಂಬ್ತೀರಾ? ಹತ್ತು ಮಾರು ಬೆಳಕು, ಅದರಾಚೆ ಏನೂ ಇಲ್ಲ. ಮರ ಎರಡೂ ಕಡೆಯಿಂದ ಓಡಿ ಬರ್ತವೆ. ನಿಧಾನಕ್ಕೇ ಹೋಗ್ತಿದೀನಿ, ಹಾರ್ತಾ ಇದೀನಿ ಅನ್ನಿಸ್ತಿದೆ. ಮಂಡಿ ನೋವು ಅಂತ ಒಂದಿದೆ ಅನ್ನೋದೇ ಮರೆತೋಗಿತ್ತು. ಜೋರಾಗಿ ನಕ್ಕೆನಂತೆ. ನಂಗೆ ಗೊತ್ತಿಲ್ಲ, ಅಂಗಡಿಯವ್ನು ಹೇಳಿದ್ದು."

ಒಂಬತ್ತನೇ ತಿರುವು ಬಂತು. ಕತ್ತಲೊಳಗಿಂದ ಬಂಡೆ ದೀಪ ಹಚ್ಚಿದಂತೆ ಬೆಳ್ಳಗೆ ಎದ್ದು ನಿಂತಿತು. ಅಕ್ಕನ ಕಣ್ಣು ಅದಕ್ಕೆ ಅಂಟಿಕೊಂಡಿತು, ಕಣ್ಣಿನ ಹಿಂದೆ ಕೈ, ಕೈಯ ಹಿಂದೆ ಸೈಕಲ್. ಕಾಲೂರಿ ನಿಂತಾಗ ಮುಂದಿನ ಚಕ್ರಕ್ಕೂ ಬಂಡೆಗೂ ಒಂದು ಗೇಣು.

ಮನೆಗೆ ಬಂದು ಹೇಳಿದಾಗ ಯಜಮಾನರು ಮೊದಲ ಸಲ ತಮಾಷೆ ಮಾಡಲಿಲ್ಲ. "ಎದುರು ಬರೋ ಗಾಡಿ ಲೈಟ್ ನೋಡ್ತಾ ಕೂತ್ರೆ ನನ್ನ ಸ್ಟೇರಿಂಗೂ ಆ ಕಡೆಗೇ ಎಳೀತಿತ್ತು ಕಣೇ. ಅದಕ್ಕೇ ನಾನು ರಸ್ತೆ ಅಂಚು ನೋಡ್ತಿದ್ದೆ. ಅದಿರ್ಲಿ, ಆ ಕಲ್ಲು ಅಷ್ಟು ಬೆಳ್ಳಗೆ ಯಾಕಿದೆ?"

 ಉತ್ತರ ಅಕ್ಕನಿಗೆ ಗೊತ್ತಿತ್ತು. ರಾತ್ರಿ ಸವಾರಿ ಶುರುವಾಗುವ ಹಿಂದಿನ ದಿನ, ಕತ್ತಲಲ್ಲಿ ಜನರಿಗೆ ತಿರುವು ಚೆನ್ನಾಗಿ ಕಾಣಲಿ ಎಂದು ಆ ಬಂಡೆಗೆ ಸುಣ್ಣ ಬಳಿದವರು ಅವರೇ. ಎರಡು ಕೋಟು, ಅದೂ ಕೈಯಿಂದ ಖರ್ಚು ಮಾಡಿ. ನುರಿತವರ ತಲೆಯ ಮೇಲೂ ದೀಪವಿರುತ್ತದೆ. ಕತ್ತು ತಿರುಗಿಸಿದರೆ ಬೆಳಕೂ ತಿರುವಿನಾಚೆಗೆ ತಿರುಗುತ್ತದೆ. ಹೊಸಬರಿಗೆ ಹ್ಯಾಂಡಲ್ ದೀಪ ಒಂದೇ. ಅದು ನೇರ ಹೋಗಿ ಬಂಡೆಗೇ ಹೊಡೆಯುತ್ತದೆ.

ಮರುದಿನ ಅಕ್ಕ ಮೊದಲು ಹೋದದ್ದು ಬೇಕರಿಗೆ. ತೋಳು ಜೋಲಿ ಕಟ್ಟಿಕೊಂಡು ಗಲ್ಲಾದಲ್ಲಿ ಕೂತಿದ್ದ ಹೆಂಗಸಿನ ಮುಂದೆ ನಿಂತು "ನೀನು ಬಿದ್ದಿದ್ದು ನನ್ನಿಂದ ಕಣಮ್ಮ" ಎಂದರು. ಕಥೆಯೆಲ್ಲ ಕೇಳಿ ಆಕೆ, "ಅಯ್ಯೋ ಅಕ್ಕಾ, ಎಷ್ಟು ಚಂದ ಕಾಣ್ತಿದೆ ಅಂತ ನೋಡ್ತಾ ನೋಡ್ತಾನೇ ಹೋಗಿ ಬಿದ್ದೆ" ಎಂದು ನಕ್ಕು, ಎಲುಬು ನೊಂದು ಮುಖ ಕಿವುಚಿದರು. ಅಲ್ಲಿಂದ ಕಚೇರಿಗೆ. ಮೇಡಂಗೂ ಇದೇ ಮಾತು, ಜೊತೆಗೆ ಒಂದು ಕೋರಿಕೆ: ಇನ್ನೆರಡು ಸವಾರಿಗೆ ಅವಕಾಶ ಕೊಡಿ, ಆಮೇಲೆ ನೀವೇ ಬಂದು ನೋಡಿ. ಮೇಡಂ ಒಪ್ಪಿ, ಎರಡನೇ ಸವಾರಿಯ ಮರುದಿನ ಬೆಳಗ್ಗೆ ಏಳಕ್ಕೆ ಬರುತ್ತೇನೆಂದರು.

ಅಕ್ಕ ಸುಣ್ಣ ಕೆರೆದು, ಬಂಡೆಗೆ ಗುಡ್ಡದ್ದೇ ಕೆಮ್ಮಣ್ಣು ಮೆತ್ತಿದರು. ತಿರುವು ಮುಗಿಯುವ ಕಡೆ, ಸವಾರನ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿ, ಮುಷ್ಟಿಯಷ್ಟು ಗಾತ್ರದ ಎರಡು ಬಿಳಿ ಕಲ್ಲು ಹೂಳಿದರು. ಅಂಗಡಿಯವನು ಹೊಸಬರಿಗೆಲ್ಲ ತಲೆಗೂ ಒಂದೊಂದು ದೀಪ ಕಟ್ಟುವ ನಿಯಮ ಮಾಡಿದ. ಶನಿವಾರ ಯಾರೂ ಬೀಳಲಿಲ್ಲ, ಆದರೆ ಬಂದದ್ದೇ ಐದು ಜನ. ನಿನ್ನೆ ಬುಧವಾರ ಹದಿನಾಲ್ಕು ಹೊಸಬರು ಇಳಿದರು. ಹದಿನೈದನೆಯವರಾಗಿ, ಎಲ್ಲರ ಹಿಂದೆ, ಕೆಂಪು ದೀಪಗಳ ಸಾಲು ನೋಡುತ್ತ ಅಕ್ಕ ಇಳಿದರು. ಯಾರೂ ಬೀಳಲಿಲ್ಲ. ಆದರೆ ಎಷ್ಟು ಜನ ಹೆದರಿದರು, ಎಷ್ಟು ಜನ ಕೂದಲೆಳೆಯಲ್ಲಿ ಪಾರಾದರು? ಅದನ್ನು ಕತ್ತಲು ಹೇಳುವುದಿಲ್ಲ, ಮಣ್ಣೇ ಹೇಳಬೇಕು.

ಏಳಕ್ಕೆ ಐದು ನಿಮಿಷವಿದೆ. ಒಂಬತ್ತನೇ ತಿರುವಿನಲ್ಲಿ ಮೇಡಂ ಆಗಲೇ ಬಂದು, ಚಪ್ಪಲಿಗೆ ಮಣ್ಣಾಗದಂತೆ ಹುಲ್ಲಿನ ಮೇಲೆ ನಿಂತಿದ್ದಾರೆ. ಪಕ್ಕದಲ್ಲಿ ಅಂಗಡಿಯವನು ಉಗುರು ಕಚ್ಚುತ್ತಿದ್ದಾನೆ. ಅಕ್ಕ ಮಂಡಿಯೂರಿ, ಬೆರಳಿನಿಂದ ಒಂದೊಂದೇ ಗೀರು ತೋರಿಸುತ್ತ ಎಣಿಸುತ್ತಾರೆ. ಓರೆಯ ಮೇಲೆ ಹಲ್ಲಿನ ಅಚ್ಚುಗಳು ಒಂದರ ಪಕ್ಕ ಒಂದು ಬಾಗಿ, ಎರಡು ಬಿಳಿ ಕಲ್ಲಿನ ಕಡೆಗೆ ಹರಿದುಹೋಗಿವೆ. ಎಣಿಸುವ ದನಿ ಏರುತ್ತ ಹೋಗುತ್ತದೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಒಂದೂ ಉಜ್ಜಿಲ್ಲ.

"ಮತ್ತೆ ಇದು?" ಮೇಡಂ ಬೆರಳು ತೋರಿಸುತ್ತಾರೆ. ಹೊರ ಅಂಚಿನಲ್ಲಿ ಎರಡು ಮಾರುದ್ದ ಉಜ್ಜಿದ ಗೀರು, ಬಂಡೆಯ ಕಡೆಗೇ ಮುಖ ಮಾಡಿದೆ. ಕೊನೆಯಲ್ಲಿ ಒಂದು ಕಾಲೂರಿದ ಗುರುತು. "ಇವರು ಯಾರೋ ಹೆದರಿದಾರಲ್ಲ."

ಅಂಗಡಿಯವನು ಬಗ್ಗಿ ಗೀರು ನೋಡುತ್ತಾನೆ.

"ಅದು ನಂದು ಮೇಡಂ," ಎನ್ನುತ್ತಾರೆ ಅಕ್ಕ. "ಅವರಿಗೆ ಬಂಡೆ ಎಲ್ಲಿದೆ ಅಂತ ಗೊತ್ತಿಲ್ಲ, ಸಲೀಸಾಗಿ ತಿರುಗಿಸ್ಕೊಂಡು ಹೋದ್ರು. ನಂಗೆ ಗೊತ್ತಲ್ಲ. ಎಷ್ಟು ಮಣ್ಣು ಮೆತ್ತಿದ್ರೂ ಹಾಳು ಕಣ್ಣು ಅದನ್ನೇ ಹುಡುಕ್ತು."

ಮೇಡಂ ಮುಖ ತಿರುಗಿಸಿ ನಗು ಅದುಮಲು ನೋಡುತ್ತಾರೆ, ಆಗುವುದಿಲ್ಲ. "ಗೇಟು ತೆಗೆದೇ ಇರ್ಲಿ," ಎನ್ನುತ್ತಾರೆ ಕೊನೆಗೆ. "ಆದ್ರೆ ಈ ಹೊಸಬರನ್ನ ಸ್ವಲ್ಪ ನೋಡ್ಕೊಳಪ್ಪಾ" ಎಂದು ಅಂಗಡಿಯವನಿಗೆ ಅಕ್ಕನನ್ನು ತೋರಿಸುತ್ತಾರೆ.

ಇಬ್ಬರೂ ಇಳಿದುಹೋದ ಮೇಲೆ ದಂತಾಳೆ ಹೆಗಲಿನಿಂದ ಇಳಿಯುತ್ತದೆ. ಹದಿನಾಲ್ಕು ಗುರುತು ಒಂದೇ ಎಳೆತಕ್ಕೆ ಅಳಿದು ದಾರಿ ಮತ್ತೆ ಹೊಸದಾಗುತ್ತದೆ. ಹೊರ ಅಂಚಿಗೆ ಬಂದಾಗ ಕೈ ನಿಲ್ಲುತ್ತದೆ. ಆ ಎರಡು ಮಾರು ಗೀರನ್ನು ಅಕ್ಕ ಹಾಗೇ ಬಿಟ್ಟು ಹತ್ತನೇ ತಿರುವಿನ ಕಡೆ ಹೊರಡುತ್ತಾರೆ.

"ಶನಿವಾರದವರೆಗೂ ಇರ್ಲಿ," ಎನ್ನುತ್ತಾರೆ. "ಅವತ್ತು ಕಾಲೂರ್ದೆ ಹೋಗ್ತೀನಲ್ಲ, ಭಾನುವಾರ ಬಂದು ಎರಡನ್ನೂ ಒಟ್ಟಿಗೆ ನೋಡಿ ಅಳಿಸ್ತೀನಿ."