ಡಲ್ಲಾಸ್ ಹಿಮದಲ್ಲಿ ಕೂಪರನ ಪರೀಕ್ಷೆ

ಪ್ರಕೃತಿಯ ಮುಂದೆ ಮನುಷ್ಯನ ಲೆಕ್ಕಾಚಾರವೆಲ್ಲ ಅಲ್ಪವಾದದ್ದು. ಈ ಘನವಾದ ಸತ್ಯ ನನಗೆ ಹೊಳೆದದ್ದು ಡಲ್ಲಾಸ್‌ನಲ್ಲಿ, ಅಪಾರ್ಟ್‌ಮೆಂಟಿನ ಹಿಂದಿನ ಹುಲ್ಲುಹಾಸಿನ ಮೇಲೆ, ಪಂಚೆ ಎತ್ತಿ ಕಟ್ಟಿ ಒಂಟಿಕಾಲಿನಲ್ಲಿ ನಿಂತಿದ್ದಾಗ. ಇನ್ನೊಂದು ಕಾಲಿನ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಓಡಿತ್ತು. ಸುತ್ತ ಬೆಳ್ಳಗೆ ಹಿಮ. ಮಾರ್ಚ್ ಮುಗಿಯುತ್ತ ಬಂದಿತ್ತು. ಯುಗಾದಿಯ ಒಬ್ಬಟ್ಟು ಎರಡು ಇನ್ನೂ ಫ್ರಿಜ್‌ನಲ್ಲಿದ್ದವು. ಎರಡು ದಿನದ ಹಿಂದೆ ನಾವು ಏಸಿ ಹಾಕಿಕೊಂಡು ಮಲಗಿದ್ದೆವು.

ಮೈಸೂರಿನಲ್ಲಿ ಹತ್ತೊಂಬತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟ ನಾನು, ಹೆಂಡತಿ ಸುಮಾಳ ಕೆಲಸದ ಬೆನ್ನು ಹತ್ತಿ ಟೆಕ್ಸಸ್‌ಗೆ ಬಂದವನು. ಮೊದಲು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿ, ಆಮೇಲೆ ಡಲ್ಲಾಸ್, ಬರುವ ಜೂನ್‌ಗೆ ಆಸ್ಟಿನ್. ಅವಳ ಪ್ರಾಜೆಕ್ಟ್ ಹೋದಲ್ಲಿಗೆ ನಮ್ಮ ಕುಕ್ಕರ್ ಹೋಗುತ್ತದೆ. ಕುಂಡದ ಕರಿಬೇವು ಒಂದು ಊರಿನ ಬಿಸಿಲಿಗೆ ಒಗ್ಗಿ ಚಿಗುರುವಷ್ಟರಲ್ಲಿ ಇನ್ನೊಂದು ಊರಿನ ಮನೆಯ ಅಗ್ರಿಮೆಂಟ್ ಬಂದಿರುತ್ತದೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಹೀಗಾಗಿ ತರಗತಿಯಿಲ್ಲದ ಮೇಷ್ಟ್ರಾಗಿ ನಾನು ಮನೆಯ ಒಳಗೂ ಹೊರಗೂ ಸುತ್ತುತ್ತಿದ್ದೆ.

ಚಪ್ಪಲಿ ಕದ್ದ ಆ ನಾಯಿ, ಕೂಪರ್, ನಮ್ಮ ಮನೆಗೆ ಬಂದದ್ದು ಹದಿಮೂರರ ಮಗಳು ನಿಧಿಯ ಹಟದಿಂದ. ಇಲ್ಲಿ ನಾವಿರುವ ಕಡೆ ಬೀದಿನಾಯಿ ಎಂಬ ಸ್ವತಂತ್ರ ಪ್ರಜೆಯನ್ನು ನಾನು ಕಂಡಿಲ್ಲ. ಮೈಸೂರಿನ ನಮ್ಮ ಬೀದಿಯ ಕರಿಯ ಏಳು ಮನೆಯ ಅನ್ನ ತಿಂದು ಯಾರಿಗೂ ಸೇರದೆ ಗೌರವವಾಗಿ ಬಾಳಿದ. ಇಲ್ಲಿ ಒಡೆಯನಿಲ್ಲದ ನಾಯಿಯನ್ನು ಶೆಲ್ಟರ್‌ಗೆ ಸೇರಿಸಿ, ಅದರ ಹೆಸರಿಗೆ ಕಡತ ತೆರೆದು, ಕಾಯಂ ಮನೆ ಸಿಗುವ ತನಕ ಯಾರದಾದರೂ ಮನೆಯಲ್ಲಿ ಬಿಡುತ್ತಾರೆ. ಹಾಗೆ ತಾತ್ಕಾಲಿಕವಾಗಿ ಸಾಕುವವರು ಫಾಸ್ಟರ್‌ಗಳು. ಅಂದರೆ ನಾವು. ಕೂಪರನನ್ನು ಎರಡು ಮನೆಯವರು ಕರೆದೊಯ್ದು ವಾಪಸ್ ತಂದುಬಿಟ್ಟಿದ್ದರು. 'ಹೇಳಿದ ಮಾತು ಕೇಳುವುದಿಲ್ಲ' ಎಂದು ಕಡತದಲ್ಲಿ ಷರಾ ಇತ್ತು. ಇಂಥ ಷರಾ ಹೊತ್ತ ಮಕ್ಕಳನ್ನು ನಾನು ಬೇಕಾದಷ್ಟು ಕಂಡವನು. ನಾಲ್ಕು ತಿಂಗಳು, ದಿನಾ ಬೆಳಗ್ಗೆ ಏಳಕ್ಕೆ, ಒಬ್ಬನೇ ವಿದ್ಯಾರ್ಥಿಗೆ ಪಾಠ ನಡೆಸಿದೆ.

ಆಸ್ಟಿನ್ ಹತ್ತಿರದ ಫ್ಲೂಗರ್‌ವಿಲ್‌ನಲ್ಲಿ ನಾವು ನೋಡಿದ್ದ ಮನೆಗೆ ನಾಯಿ ತರುವಂತಿರಲಿಲ್ಲ. ಸಹಿ ಇನ್ನೂ ಹಾಕಿರಲಿಲ್ಲ. ಅಷ್ಟರಲ್ಲಿ ಮಿಸೌರಿ ಸಿಟಿಯಿಂದ ಡೋನಾ ಎಂಬ ನಿವೃತ್ತ ಶಾಲಾ ಬಸ್ ಡ್ರೈವರೊಬ್ಬರು ಕೂಪರನನ್ನು ನೋಡಲು ಬರುತ್ತೇನೆಂದರು.

"ಇವರೂ ಬೇಡ ಅಂದ್ರೆ ನಾವೇ ಇಟ್ಕೊಂಡು, ನಾಯಿಗೆ ಒಪ್ಪೋ ಬೇರೆ ಮನೆ ನೋಡೋಣ ಕಣ್ರೀ. ಮತ್ತೆ ಶೆಲ್ಟರ್‌ಗೆ ಬಿಟ್ಟು ಬರಕ್ಕೆ ನನ್ ಕೈಲಾಗಲ್ಲ" ಎಂದಿದ್ದಳು ಸುಮಾ.

ಆಕೆ ಬರುವ ದಿನವೇ ಹಿಮ ಬಿತ್ತು. ಅರ್ಧ ಇಂಚಿಗೆ ಡಲ್ಲಾಸ್ ಶರಣಾಯಿತು. ಶಾಲೆಗೆ ರಜೆ. ನೆರೆಯವರು ಗುಲಾಬಿ ಗಿಡಗಳಿಗೆ ಬೆಡ್‌ಶೀಟ್ ಹೊದಿಸಿದ್ದರು. ರಸ್ತೆ ಬದಿಯ ಬ್ಲೂಬಾನೆಟ್, ಅಂದರೆ ಟೆಕ್ಸಸ್‌ನವರು ಎದುರು ನಿಂತು ಫೋಟೋ ತೆಗೆಸಿಕೊಳ್ಳುವ ನೀಲಿ ಕಾಡುಹೂವು, ತಲೆಯ ಮೇಲೆ ಬಿಳಿ ಮುದ್ದೆ ಹೊತ್ತು ನಿಂತಿತ್ತು.

ಕೂಪರ್ ಮೊದಲು ಹಿಮವನ್ನು ಮೂಸಿದ. ಸೀನಿದ. ಕಚ್ಚಿದ. ಆಮೇಲೆ ಬಾಲಕ್ಕೆ ಬೆಂಕಿ ಬಿದ್ದವನಂತೆ ಸುತ್ತು ಹೊಡೆದ. ನಾನು ಎಸೆದ ಹಿಮದ ಉಂಡೆಯನ್ನು ತರಲು ಓಡಿ, ಅದು ಬಿದ್ದಲ್ಲೇ ಮಾಯವಾದದ್ದು ಕಂಡು ನೆಲ ಕೆರೆದು, ತಪ್ಪು ಲೆಕ್ಕ ಕೊಟ್ಟ ಮೇಷ್ಟ್ರನ್ನು ನೋಡುವಂತೆ ನನ್ನನ್ನು ನೋಡಿದ. ಇನ್ನೊಂದು ಎಸೆದೆ. ಅದೂ ಮಾಯ. ನಾನು ನಕ್ಕೆ. ಎಷ್ಟು ಜೋರಾಗಿ ನಕ್ಕೆನೆಂದರೆ ಮೇಲಿನ ಮನೆಯ ಕಿಟಕಿ ತೆರೆಯಿತು. ಹಿಂದಿನಿಂದ ನಿಧಿ ನನ್ನ ಕುತ್ತಿಗೆಯೊಳಗೆ ಒಂದು ಹಿಡಿ ಹಿಮ ಸುರಿದಳು.

"ರೀ, ಒಳಗೆ ಬನ್ನಿ! ಅವರು ಬರೋ ಹೊತ್ತಾಯ್ತು. ಪಂಚೇಲಿ ಇಂಟರ್‌ವ್ಯೂ ಕೊಡ್ತೀರಾ?" ಬಾಲ್ಕನಿಯಿಂದ ಸುಮಾ ಕೂಗಿದಳು.

"ಇಂಟರ್‌ವ್ಯೂ ಇರೋದು ಅವನಿಗೆ ಕಣೇ, ನನಗಲ್ಲ."

"ಡ್ಯಾಡ್, ಶೀ ಈಸ್ ಹಿಯರ್" ಎಂದಳು ನಿಧಿ.

ಡೋನಾ ಒಂದು ಕಾಲು ಎಳೆಯುತ್ತ ಹುಲ್ಲಿನ ಅಂಚಿಗೆ ಬಂದು ನಿಂತಿದ್ದರು. ನಾಲ್ಕು ಗಂಟೆ ಡ್ರೈವ್ ಮಾಡಿ ಬಂದಿದ್ದರೂ ಮುಖದಲ್ಲಿ ನಗುವಿತ್ತು. "ಕೂಪರ್, ಸಿಟ್!" ಎಂದರು. ಅವನು ಬಾಲ ಅಲ್ಲಾಡಿಸಿದ. "ಕಮ್!" ಎಂದರು. ಬೇಲಿಯ ಕಡೆ ಓಡಿದ. "ಸ್ಟೇ!" ಎಂದಾಗ ಬಂದು ಎರಡು ಒದ್ದೆ ಕಾಲು ಅವರ ಕೋಟಿನ ಮೇಲಿಟ್ಟ. ನಗು ಇಳಿಯಿತು. "ನನ್ನ ಮಂಡಿ ಸರಿಯಿಲ್ಲ" ಎಂದರು ಮೆಲ್ಲಗೆ. "ಮಾತು ಕೇಳದ ನಾಯಿ ನನ್ನನ್ನು ಬೀಳಿಸಿಬಿಡುತ್ತದೆ."

ಆಗ ನನಗೆ ತಿಳಿಯಿತು. ನಾಲ್ಕು ತಿಂಗಳಲ್ಲಿ ಆ ನಾಯಿಯ ಜೊತೆ ನಾನು ಒಂದೂ ಇಂಗ್ಲಿಷ್ ಪದ ಆಡಿರಲಿಲ್ಲ. ಇಂಗ್ಲಿಷಿನಲ್ಲಿ ನಾನು ಫಾರ್ಮ್ ತುಂಬಬಲ್ಲೆ. ಗದರುವುದಕ್ಕೂ ಮುದ್ದು ಮಾಡುವುದಕ್ಕೂ ಅದು ನನ್ನ ಬಾಯಿಗೆ ಬರುವುದಿಲ್ಲ. ಸುಮಾಳಿಗೂ ಹೊಳೆದಿತ್ತು, ನಿಧಿಗೂ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಿಧಿ ಸಣ್ಣಗೆ ತಲೆಯಾಡಿಸಿದಳು: ಬೇಡ. ನಾನು ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಡೋನಾ ಕಾರು ಹತ್ತುತ್ತಿದ್ದರು, ಕೂಪರ್ ನಮ್ಮವನಾಗುತ್ತಿದ್ದ.

ಡೋನಾ ತಿರುಗಿದರು. "ಪಾಪ, ಇವನಿಗೆ ಯಾರೂ ಏನೂ ಕಲಿಸಿಲ್ಲ" ಎಂದರು.

ಹತ್ತೊಂಬತ್ತು ವರ್ಷದ ಸರ್ವೀಸು ಅಷ್ಟಕ್ಕೆ ಎದ್ದು ನಿಂತಿತು.

"ಕೂತ್ಕೋ" ಎಂದೆ.

ಕೂಪರ್ ಹಿಮದಲ್ಲಿ ಪಟ್ಟನೆ ಕೂತ. "ಇರು" ಎಂದು ಇಪ್ಪತ್ತು ಹೆಜ್ಜೆ ಹಿಂದೆ ಹೋದೆ. ಅಲ್ಲಾಡಲಿಲ್ಲ. "ಬಾರೋ" ಎಂದೆ. ಬಂದು ನನ್ನ ಕಾಲ ಬಳಿ ನಿಂತ. ನಿಧಿ ಒಳಗೆ ಹೋಗಿ ದಡಾರನೆ ಬಾಗಿಲು ಹಾಕಿಕೊಂಡಳು.

ಡೋನಾ ಚೀಲದಿಂದ ಪುಟ್ಟ ನೋಟ್‌ಬುಕ್ ತೆಗೆದು ನನ್ನಿಂದ ಒಂದೊಂದೇ ಪದ ಹೇಳಿಸಿ ಬರೆದುಕೊಂಡರು. "ಕೂಟ್‌ಕೋ" ಎಂದರು ತಮ್ಮ ಟೆಕ್ಸಸ್ ರಾಗದಲ್ಲಿ. ಕೂಪರ್ ನನ್ನ ಮುಖ ನೋಡಿದ. ನಾನು ಬೇರೆ ಕಡೆ ತಿರುಗಿದೆ. ಮತ್ತೆ ನೋಡುವಾಗ ಅವನು ಅವರ ಮುಂದೆ ಕೂತಿದ್ದ.

ಕೂಪರ್ ಅವರ ಕಾರಿನಲ್ಲಿ ಹೊರಟ ಮೇಲೆ, ಮಧ್ಯಾಹ್ನದ ಬಿಸಿಲಿಗೆ ಹಿಮವೆಲ್ಲ ಕರಗಿ ಹುಲ್ಲು ಕಾಣಿಸಿತು. ಸಂಜೆ ಮೈಸೂರಿನಿಂದ ಅಣ್ಣ ಫೋನ್ ಮಾಡಿದ. "ಊರಿಗೆ ಯಾವಾಗ ಹೊರಡ್ತೀಯೋ?" ಎಂದ.

"ಜೂನ್‌ನಲ್ಲಿ" ಎಂದೆ. ಅವನು ಕೇಳಿದ್ದು ಮೈಸೂರನ್ನು, ನಾನು ಹೇಳಿದ್ದು ಆಸ್ಟಿನ್ನನ್ನು ಎಂಬುದು ಫೋನ್ ಇಟ್ಟ ಮೇಲೆ ತಿಳಿಯಿತು. ತಿದ್ದಲು ಮತ್ತೆ ಫೋನ್ ಮಾಡಬೇಕೆಂದು ಎರಡು ಸಲ ಎದ್ದು, ಎರಡು ಸಲವೂ ಕೂತೆ.

ಮಾರನೆಯ ದಿನ ಫ್ಲೂಗರ್‌ವಿಲ್ ಮನೆಯ ಅಗ್ರಿಮೆಂಟಿಗೆ ಸಹಿ ಹಾಕಿದೆವು. ನಿಧಿ ನನ್ನ ಜೊತೆ ಮಾತಾಡಿದ್ದು ಒಂಬತ್ತನೆಯ ದಿನ.