ಆಟೋನಗರದ ಒಂದು ಮಿಲಿಮೀಟರ್

ಗುರುವಾರ ಮಧ್ಯಾಹ್ನ ಬೆಂಗಳೂರಿನಲ್ಲಿ ರೈಲು ಹತ್ತಿದಾಗ ನನ್ನ ಬಳಿ ಎರಡು ಸಾಮಾನುಗಳಿದ್ದವು: ಬಟ್ಟೆಯ ಚೀಲ, ಮತ್ತು ಪುಟ್ಟ ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡದಾದ, ಆರು ಕಿಲೋ ತೂಗುವ ರೆಕಾರ್ಡ್ ಪ್ಲೇಯರ್. ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಪ್ಲೇಯರನ್ನು ದಿಂಬಿನ ಪಕ್ಕ ಮಲಗಿಸಿಕೊಂಡೆ. ಎದುರಿನ ಸೀಟಿನ ಹೆಂಗಸು "ಒಳಗೆ ದೇವರಿದೆಯಾ?" ಎಂದು ಕೇಳಿದರು. "ಇಲ್ರೀ, ಮೋಟರ್ ಅದ" ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಮಲಗುವ ಮೊದಲು ಪೆಟ್ಟಿಗೆಯ ಕಡೆ ಒಮ್ಮೆ ಕೈ ಮುಗಿದರು.

ನಾನು ಧಾರವಾಡದವಳು. ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನ ಒಂದು ಖಾಸಗಿ ಸಂಗ್ರಹಕ್ಕೆ ಹಳೆಯ ಜಾಝ್ ರೆಕಾರ್ಡುಗಳ ಪಟ್ಟಿ ಮಾಡುತ್ತಿದ್ದೇನೆ. ನಮ್ಮ ದೇಶದ ಹೋಟೆಲು, ಕ್ಲಬ್ಬುಗಳಲ್ಲಿ ಒಂದು ಕಾಲಕ್ಕೆ ಈ ಸಂಗೀತ ನುಡಿಸಿದ ತಂಡಗಳು ಬಿಟ್ಟುಹೋದ ಅರಗಿನ ತಟ್ಟೆಗಳವು. ಪ್ರತಿ ತಟ್ಟೆಗೂ ಅದರ ಸಂಖ್ಯೆ, ಯಾರು ಯಾವ ವಾದ್ಯ ನುಡಿಸಿದರು, ಎಲ್ಲಿ ಬಿರುಕು ಬಿಟ್ಟಿದೆ ಎಂದು ಬರೆಯಬೇಕು. ಹೆಸರು ಬರೆಯುವುದಕ್ಕೆ ನನ್ನದೊಂದು ನಿಯಮವಿದೆ. ಮನೆಯವರ ಮಾತೊಂದೇ ಸಾಲದು, ತಟ್ಟೆಯೂ ಸಾಕ್ಷಿ ಹೇಳಬೇಕು. ಈ ನಿಯಮದಿಂದ ನನ್ನ ಮೇಲೆ ಮುನಿಸಿಕೊಂಡ ಮಕ್ಕಳು, ಮೊಮ್ಮಕ್ಕಳು ಬಹಳ ಮಂದಿ.

ನಮ್ಮಲ್ಲಿದ್ದ ಒಂದು ತಟ್ಟೆಯಲ್ಲಿ ಕ್ಲಾರಿನೆಟ್ ಅದ್ಭುತವಾಗಿತ್ತು. ಚೀಟಿಯ ಮೇಲೆ ತಂಡದ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. "ಕ್ಲಾರಿನೆಟ್: ಗೊತ್ತಿಲ್ಲ" ಎಂದು ಬರೆದಿದ್ದೆ. ವಿಜಯವಾಡದ ಹತ್ತಿರದ ಇಬ್ರಾಹಿಂಪಟ್ನಂನಿಂದ ಶಕುಂತಲಮ್ಮ ಎಂಬ ಎಂಬತ್ತನಾಲ್ಕು ವರ್ಷದ ಹಿರಿಯರು ಕನ್ನಡದಲ್ಲಿ ಪತ್ರ ಬರೆದರು. ಅವರ ತಂದೆ ಮುನಿಸ್ವಾಮಿ ಕೋಲಾರದ ಚಿನ್ನದ ಗಣಿಯ ಕ್ಲಬ್ಬಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು, ಆಮೇಲೆ ವಿಜಯವಾಡದಲ್ಲಿ ರೈಲ್ವೆ ಕೆಲಸಕ್ಕೆ ಸೇರಿದರು. ಒಮ್ಮೆ ಇದೇ ತಂಡ ಅವರನ್ನು ಕಲ್ಕತ್ತೆಗೆ ಕರೆದೊಯ್ದು ರೆಕಾರ್ಡ್ ಮಾಡಿಸಿತ್ತು. ಮನೆಯಲ್ಲಿ ಅದರ ಪ್ರತಿ ಉಳಿದಿರಲಿಲ್ಲ. ನಾನು ಹಾಡನ್ನು ಅವರ ಮಗನ ಫೋನಿಗೆ ಕಳಿಸಿದೆ. ಉತ್ತರ ಹೀಗಿತ್ತು: "ಕೇಳಿದೆ. ಇದು ನಮ್ಮಪ್ಪ ಅಲ್ಲ. ಅವರ ಉಸಿರು ಇಷ್ಟು ಗಿಡ್ಡ ಇರಲಿಲ್ಲ. ತೊಂದರೆ ಕೊಟ್ಟೆ, ಮನ್ನಿಸಿ."

ಹೌದು ಹೌದು ಎನ್ನುವ ನೂರಾರು ಜನರನ್ನು ಕಂಡಿದ್ದೇನೆ. ಅಪ್ಪನ ಹೆಸರು ಅಚ್ಚಾಗುವ ಅವಕಾಶ ಕೈಯಲ್ಲಿದ್ದೂ ಅಲ್ಲ ಎಂದವರು ಇವರೊಬ್ಬರೇ. ಅಂಥ ಕಿವಿಯನ್ನು ಬಿಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ. ನಮ್ಮ ತಟ್ಟೆಯ ಹಿಂಬದಿ ಚಕ್ಕೆ ಎದ್ದು ನುಡಿಸಲು ಬಾರದಂತಾಗಿತ್ತು. ಅದರ ಇನ್ನೊಂದು ಪೂರ್ತಿ ಪ್ರತಿ ವಿಶಾಖಪಟ್ಟಣದ ವರಹಾಲ ರಾವು ಎಂಬುವರ ಮನೆಯಲ್ಲಿದೆ ಎಂದು ತಿಳಿದದ್ದು ಹೊರಡುವ ವಾರವೇ. ಪಟ್ಟಿ ಸೋಮವಾರ ಬೆಳಗ್ಗೆ ಅಚ್ಚಿಗೆ ಹೋಗುವುದಿತ್ತು. ಆ ಮೇಲೆ ಒಂದಕ್ಷರವನ್ನೂ ತಿದ್ದುವಂತಿರಲಿಲ್ಲ.

ನಮ್ಮ ರೈಲು ವಿಶಾಖಪಟ್ಟಣದ ಒಳಗೆ ಹೋಗುವುದಿಲ್ಲ, ದುವ್ವಾಡದಲ್ಲಿ ಇಳಿಸಿ ಮುಂದೆ ಒಡಿಶಾದ ದಾರಿ ಹಿಡಿಯುತ್ತದೆ. ಶುಕ್ರವಾರ ಬೆಳಗ್ಗೆ ಹತ್ತರ ಹೊತ್ತಿಗೆ ಇಳಿದೆ. ಪೇಟೆ ಅಲ್ಲಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಆಟೋದವನು ಪ್ಲೇಯರ್ ನೋಡಿ ಐನೂರು ಕೇಳಿದ. ನಾನು ಸಿಟಿ ಬಸ್ ಹತ್ತಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಕುಲುಕಿಸಿಕೊಂಡೆ. ಇಳಿದ ಮೇಲೆ ಒಂದು ಪೆಸರಟ್ಟು, ಎಂದರೆ ಹೆಸರುಕಾಳಿನ ದೋಸೆ, ಅದರೊಳಗೆ ಉಪ್ಪಿಟ್ಟು. ಶುಂಠಿ ಚಟ್ನಿಯ ಖಾರಕ್ಕೆ ಪ್ರಯಾಣದ ದಣಿವೆಲ್ಲ ಹಾರಿಹೋಯಿತು.

ವರಹಾಲ ರಾವು ಹಡಗಿನ ಎಂಜಿನ್ ಫಿಟ್ಟರ್ ಆಗಿ ನಿವೃತ್ತರಾದವರು. ಹಳೇ ಪೋಸ್ಟಾಫೀಸಿನ ಹಿಂದಿನ ಓಣಿಯಲ್ಲಿ ಮನೆ. ಹೆಂಡತಿ ರಾಯಚೂರಿನವರಾದ್ದರಿಂದ ಕನ್ನಡ ಮಾತಾಡುತ್ತಾರೆ, ತೆಲುಗಿನ ಮರ್ಯಾದೆ ಸೇರಿಸಿಕೊಂಡು. ಭಜನೆಗೆ ಹಾರ್ಮೋನಿಯಂ ನುಡಿಸುವ ಅವರು ರೆಕಾರ್ಡುಗಳನ್ನು ಜೋಡಿಸಿಟ್ಟ ರೀತಿ ನೋಡಿ ನನಗೆ ತಲೆ ಸುತ್ತಿತು. ಹೆಸರಿನ ಪ್ರಕಾರವಲ್ಲ, ಕಂಪನಿಯ ಪ್ರಕಾರವೂ ಅಲ್ಲ, ಶ್ರುತಿಯ ಪ್ರಕಾರ! ಒಂದೊಂದು ಲಕೋಟೆಯ ಮೇಲೂ ಪೆನ್ಸಿಲಿನಲ್ಲಿ ಬಿಳಿ ಎರಡು, ಕಪ್ಪು ನಾಲ್ಕು ಎಂದು ಹಾರ್ಮೋನಿಯಂನ ಬಿಳಿ-ಕಪ್ಪು ಮನೆಗಳ ಲೆಕ್ಕ. ನಾನು ಹುಡುಕುತ್ತಿದ್ದ ತಟ್ಟೆಯ ಲಕೋಟೆಯ ಮೇಲೆ "ಕಪ್ಪು ಐದು" ಎಂದಿತ್ತು.

"ಇಲ್ರೀ, ಇದು ಬಿಳಿ ಏಳು. ನಾ ನೂರು ಸಲ ಕೇಳೀನಿ" ಎಂದೆ.

"ಹಾಗೆ ಹೇಗಂಡಿ? ಊದೋ ಮಂದಿ ಬಿಳಿ ಏಳರಾಗ ಯಾಕ ಊದತಾರ? ಬೆರಳು ಮುರಕೊಳ್ಳಾಕಾ?" ಎಂದರು ರಾವುಗಾರು. ತಮ್ಮ ಕೀಲಿ ಕೊಡುವ ಗ್ರಾಮಫೋನಿನ ವೇಗದ ತಿರುಪನ್ನು ತಿರುಗಿಸುತ್ತ, ಎಡಗೈಯಲ್ಲಿ ಹಾರ್ಮೋನಿಯಂನ ಕಪ್ಪು ಐದು ಹಿಡಿದರು. ಹಾಡು ನಿಧಾನವಾಗುತ್ತ ಆಗುತ್ತ, ಶ್ರುತಿ ಒಂದು ಮನೆ ಕೆಳಗಿಳಿದು ಆ ಸ್ವರದ ಮೇಲೆ ಕುಳಿತಿತು.

ನನ್ನ ಮುಖ ಇಂಗು ತಿಂದ ಮಂಗನಂತಾಗಿರಬೇಕು. ಇಂಥ ರೆಕಾರ್ಡುಗಳು ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುತ್ತವೆ ಎಂಬುದು ಪಾಠ. ಆದರೆ ಸಣ್ಣ ಕಂಪನಿಗಳ ಯಂತ್ರಗಳು ಪಾಠ ಓದಿರಲಿಲ್ಲ. ಇದನ್ನು ಎಪ್ಪತ್ತಮೂರುವರೆಯ ಆಸುಪಾಸಿನಲ್ಲಿ ಕೊರೆದಿದ್ದರು. ನಾನು ಓಡಿಸಿ ನುಡಿಸಿ, ಕ್ಲಾರಿನೆಟ್ ಊದಿದವರ ಉಸಿರನ್ನು ಗಿಡ್ಡ ಮಾಡಿದ್ದೆ. ಜಾಝ್ ತಂಡದವರು ತಾವಾಗಿ ಬಿಳಿ ಏಳನ್ನು ಆರಿಸುವುದು ಅಪರೂಪ ಎಂದು ನನ್ನ ಕೈಕೆಳಗಿನವರಿಗೆ ಪಾಠ ಮಾಡುವವಳೂ ನಾನೇ. ನಾಚಿಕೆಯಾಯಿತು.

ಹಿಂಬದಿಯನ್ನೂ ಕೇಳಿದೆ. ತಂಡವೆಲ್ಲ ನಿಂತ ಮೇಲೆ ಕ್ಲಾರಿನೆಟ್ ಒಂದೇ ಮೂರು ಸ್ವರ ಊದಿ ಸುಮ್ಮನಾಗುತ್ತದೆ, ಎರಡು ಗಿಡ್ಡ, ಒಂದು ಉದ್ದ. ಷರಾದ ಕಾಲಂನಲ್ಲಿ ಗುರುತು ಮಾಡಿಕೊಂಡೆ: "ಕೊನೆಯಲ್ಲಿ ಮೂರು ಹೆಚ್ಚುವರಿ ಸ್ವರ. ತಪ್ಪಾಗಿರಬಹುದು."

ಮುಂಬದಿಯನ್ನು ಚೀಲದಲ್ಲಿದ್ದ ಕಂಪ್ಯೂಟರಿನಲ್ಲಿ ನಿಧಾನ ಮಾಡಿ ಅಲ್ಲಿಂದಲೇ ಶಕುಂತಲಮ್ಮನವರಿಗೆ ಕಳಿಸಿ ಫೋನ್ ಮಾಡಿದೆ. ಆ ಕಡೆಯಿಂದ ಗಟ್ಟಿ ದನಿ: "ನೋಡಿ ಅಮ್ಮ, ಇವತ್ತು ನಿಧಾನ ಮಾಡಿದ್ದೀರಿ. ನಾಳೆ ಇನ್ನೊಂದು ಮಾಡ್ತೀರಿ. ಫೋನಲ್ಲಿ ಯಾರನ್ನ ಬೇಕಾದ್ರೂ ನಮ್ಮಪ್ಪನ್ನ ಮಾಡಬೋದು ಕದಾ? ಪ್ಲೇಟು ತಿರುಗೋದು ನನ್ನ ಕಣ್ಣಿಗೆ ಕಾಣಬೇಕು."

ಆಕೆ ಹೇಳಿದ್ದು ನ್ಯಾಯವೇ ಆಗಿತ್ತು. ಆದರೆ ನನ್ನ ಪ್ಲೇಯರಿಗೆ ವೇಗದ ತಿರುಪಿಲ್ಲ, ಎಪ್ಪತ್ತೆಂಟು ಎಂದರೆ ಎಪ್ಪತ್ತೆಂಟೇ. ರಾವುಗಾರರ ಗ್ರಾಮಫೋನಿನ ಉಕ್ಕಿನ ಮುಳ್ಳು ಒಂದೊಂದು ಸಲವೂ ತಟ್ಟೆಯನ್ನು ಒಂದಿಷ್ಟು ತಿನ್ನುತ್ತದೆ, ಆ ಗ್ರಾಮಫೋನನ್ನು ಒಯ್ಯಲು ನಾನು ಸಿದ್ಧಳಿರಲಿಲ್ಲ. ಅವರು ನನ್ನ ಪ್ಲೇಯರನ್ನು ಬೋರಲು ಹಾಕಿ ಮೋಟರಿನ ಪುಲ್ಲಿಯನ್ನು ಅಳೆದರು. ಹದಿನೇಳು ಮಿಲಿಮೀಟರ್. "ಹದಿನಾರು ಮಾಡಿಸ್ರಿ. ಒಂದು ಮಿಲ್ಲಿ ಇಳಿದ್ರ ತಟ್ಟೆ ನಿಧಾನ ಆಗತದ. ವಿಜಯವಾಡದಾಗ ಆಟೋನಗರ್ ಐತಲ್ಲಂಡಿ, ಅಲ್ಲಿ ಕಬ್ಬಿಣ ಕಡೆಯೋ ಲೇತ್‌ನವರಿಗೆ ಬರವಿಲ್ಲ." ಆಮೇಲೆ ತಟ್ಟೆಯನ್ನು ಹೆಂಡತಿಯ ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಪೋಸ್ಟಲ್ಲಿ ಬ್ಯಾಡ. ನೀವೇ ತಂದು ಕೊಡಬೇಕು."

ಶನಿವಾರ ಬೆಳಗಿನ ರೈಲಿನಲ್ಲಿ ಮುನ್ನೂರೈವತ್ತು ಕಿಲೋಮೀಟರ್, ಆರು ಗಂಟೆ. ಅಷ್ಟೂ ಹೊತ್ತು ತಟ್ಟೆ ನನ್ನ ತೊಡೆಯ ಮೇಲಿತ್ತು. ಅರಗಿನ ತಟ್ಟೆ ಕೈತಪ್ಪಿ ಬಿದ್ದರೆ ಹಪ್ಪಳ. ಗೋದಾವರಿ ಬಂದಾಗ ಎಲ್ಲರೂ ಕಿಟಕಿಗೆ ಮುತ್ತಿ ನಾಣ್ಯ ಎಸೆದರು. ನಾನು ಮೊಣಕೈ ಅಗಲಿಸಿಕೊಂಡು ತಟ್ಟೆ ಕಾದೆ. ನದಿ ಕಂಡದ್ದು ಅವರಿವರ ಕಂಕುಳ ಸಂದಿಯಿಂದ.

ವಿಜಯವಾಡದ ಬಿಸಿಲು ಬೇರೆ ಜಾತಿಯದು. ಸ್ಟೇಷನ್ನಿನಿಂದ ನೇರವಾಗಿ ಆಟೋನಗರಕ್ಕೆ ಹೋದೆ, ಭಾನುವಾರ ಬಾಗಿಲು ಹಾಕಿಬಿಟ್ಟರೆ ಕೆಲಸ ಕೆಟ್ಟಿತು. ಸಾಲು ಸಾಲು ಬಿಚ್ಚಿಟ್ಟ ಲಾರಿಗಳು, ಸುತ್ತಿಗೆ, ವೆಲ್ಡಿಂಗಿನ ಕಿಡಿ. ಮೂರು ಲೇತ್ ಅಂಗಡಿಯವರು ನನ್ನ ಪುಟ್ಟ ಪುಲ್ಲಿ ನೋಡಿ ನಕ್ಕು ಕಳಿಸಿದರು. ಒಬ್ಬರಂತೂ ಹೊಲಿಗೆ ಮೆಷಿನ್ ರಿಪೇರಿಯವರ ಹತ್ತಿರ ಹೋಗಿ ಎಂದರು. ನಾನು ನಾಲ್ಕನೆಯ ಅಂಗಡಿಗೆ ಹೋದೆ. ಅಲ್ಲಿ ಮಸ್ತಾನ್ ಎಂಬ ಐವತ್ತರ ಆಸುಪಾಸಿನ ಮೇಸ್ತ್ರಿ ಲಾರಿಯ ಬ್ರೇಕ್ ಡ್ರಮ್ ಕಡೆಯುತ್ತಿದ್ದರು. ನನ್ನ ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ವಿಷಯ ಹೇಳಿದೆ.

"ಒಕ್ಕ ಮಿಲ್ಲೀಯೇನಾ ಮೇಡಂ?" ಒಂದೇ ಮಿಲ್ಲಿಯೇ ಎಂದು ಕೇಳಿ, ಅದಕ್ಕಾಗಿ ಎಲ್ಲಿಂದ ಬಂದಿರಿ ಎಂದರು. ಬೆಂಗಳೂರಿನಿಂದ ಎಂದೆ. ಅವರು ನಗಲಿಲ್ಲ. ಬ್ರೇಕ್ ಡ್ರಮ್ ಇಳಿಸಿ, ಕನ್ನಡಕ ಹಾಕಿಕೊಂಡು, ಪುಲ್ಲಿಯನ್ನು ಲೇತಿಗೆ ಕಚ್ಚಿಸಿದರು. ಕೂದಲೆಳೆಯಂಥ ಹಿತ್ತಾಳೆ ಸುರುಳಿ ಸುರುಳಿಯಾಗಿ ಬಿತ್ತು. ಮತ್ತೆ ಜೋಡಿಸಿ, ತಿರುಗುವ ತಟ್ಟೆಯ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು, ಗಡಿಯಾರ ಹಿಡಿದು ಇಬ್ಬರೂ ಸುತ್ತು ಎಣಿಸಿದೆವು. ಅವರ ಎಣಿಕೆಯಲ್ಲಿ ಎಪ್ಪತ್ತನಾಲ್ಕು, ನನ್ನದರಲ್ಲಿ ಎಪ್ಪತ್ತಮೂರು. ನಡುವೆ ನನಗೆ ಬೇಕಾದ ಎಪ್ಪತ್ತಮೂರುವರೆ. ಗೆದ್ದೆ ಅನಿಸಿತು. ಕೂಲಿ ಎಷ್ಟು ಎಂದರೆ ಚಹಾ ಕುಡಿಸಿ ಎಂದರು.

ಭಾನುವಾರ ಬೆಳಗ್ಗೆ ಬಸ್ಸಿನಲ್ಲಿ ಇಬ್ರಾಹಿಂಪಟ್ನಂ. ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ದೂರದಿಂದಲೇ ದಾರಿ ಹೇಳಿದವು. ಶಕುಂತಲಮ್ಮ ಜಗಲಿಯಲ್ಲೇ ಕಾಯುತ್ತಿದ್ದರು, ಸಣ್ಣ ದೇಹ, ನೆಟ್ಟಗಿನ ಬೆನ್ನು. ಸೊಸೆ, ಮೊಮ್ಮಕ್ಕಳಿಗೆಲ್ಲ ತೆಲುಗು. "ಕನ್ನಡದಲ್ಲಿ ಜಗಳ ಆಡಿ ಎಷ್ಟು ವರ್ಷ ಆಯ್ತೋ. ಬನ್ನಿ, ಕೂತ್ಕೊಳ್ಳಿ" ಎಂದರು. ಗೋಂಗೂರ ಪಚ್ಚಡಿ, ಅಂದರೆ ಪುಂಡಿಸೊಪ್ಪಿನ ಚಟ್ನಿ, ಹಾಕಿ ಊಟ ಬಡಿಸದೆ ಪೆಟ್ಟಿಗೆ ತೆಗೆಯಲು ಬಿಡಲಿಲ್ಲ.

ಮುಂಬದಿ ಹಾಕಿದೆ. ಅವರು ಕಣ್ಣು ಮುಚ್ಚಲಿಲ್ಲ, ತಟ್ಟೆ ತಿರುಗುವುದನ್ನೇ ನೋಡುತ್ತಿದ್ದರು. ಕ್ಲಾರಿನೆಟ್ ಶುರುವಾಗುತ್ತಲೇ ಸೆರಗಿನ ಮೇಲೆ ಬೆರಳುಗಳು ಆಡತೊಡಗಿದವು. ಮುಗಿದಾಗ ಮುಳ್ಳನ್ನು ಎತ್ತಿಟ್ಟೆ.

"ಉಸಿರು ಸರಿಯಾಯ್ತು" ಎಂದರು. "ಆದ್ರೂ ಈಗಲೇ ಬರೀಬೇಡಿ. ಹೀಗೆ ಊದೋರು ಇನ್ನೊಬ್ಬರು ಇರಬೋದು."

ನಾನೇ ಕಠಿಣ ಎಂದುಕೊಂಡಿದ್ದೆ. ಈಕೆ ನನಗಿಂತ ಒಂದು ಕೈ ಮೇಲು.

"ಹಿಂದುಗಡೆ ಏನಿದೆ?" ಎಂದು ಕೇಳಿದರು. ಇನ್ನೊಂದು ಹಾಡು ಅದ ಎಂದೆ. "ಅಪ್ಪ ಆದ್ರೆ ಅಲ್ಲಾದ್ರೂ ಸಿಳ್ಳೆ ಹಾಕಿರ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದ್ರೆ ಬಾಗಿಲು ಬಡೀತಿರಲಿಲ್ಲ ಅವರು. ನಾನು ಕೂಸು, ಎದ್ದುಬಿಡ್ತೀನಿ ಅಂತ. ಕಿಟಕಿ ಹತ್ರ ಮೆಲ್ಲಗೆ ಸಿಳ್ಳೆ ಹಾಕೋರು. ಅಮ್ಮ ಚಿಲಕ ತೆಗೆಯೋರು. ಕಲ್ಕತ್ತೆಗೆ ಹೋಗೋವಾಗ ಅಮ್ಮಂಗೆ ಹೇಳಿದ್ರಂತೆ, ಪ್ಲೇಟಲ್ಲೂ ಸಿಳ್ಳೆ ಹಾಕ್ತೀನಿ, ಕೇಳಿಸಿಕೋ ಅಂತ. ಅಮ್ಮ ಕೇಳಲೇ ಇಲ್ಲ. ನಮಗೆ ಪ್ಲೇಟು ಸಿಗಲೇ ಇಲ್ಲ ಕದಾ."

ತುಟಿ ಒದ್ದೆ ಮಾಡಿಕೊಂಡು ಆ ಸಿಳ್ಳೆಯನ್ನು ಹಾಕಿ ತೋರಿಸಿದರು. ಎರಡು ಗಿಡ್ಡ, ಒಂದು ಉದ್ದ.

ಹಿಂಬದಿಯನ್ನು ಆಕೆ ಎಂದೂ ಕೇಳಿರಲಿಲ್ಲ, ನಾನು ಯಾರಿಗೂ ಕಳಿಸಿರಲಿಲ್ಲ. ತಟ್ಟೆ ತಿರುಗಿಸಿ ಮುಳ್ಳು ಇಳಿಸಿದೆ. ಮೂರು ನಿಮಿಷ ತಂಡ ಕುಣಿಯಿತು. ಡ್ರಮ್ ನಿಂತಿತು, ಪಿಯಾನೋ ನಿಂತಿತು. ಆಮೇಲೆ ಕ್ಲಾರಿನೆಟ್ ಒಂದೇ: ಎರಡು ಗಿಡ್ಡ, ಒಂದು ಉದ್ದ.

ಶಕುಂತಲಮ್ಮ ಎದ್ದು ನಿಂತರು. ಎರಡು ಹೆಜ್ಜೆ ಬಾಗಿಲ ಕಡೆ ಹೋಗಿ, ತೆರೆದೇ ಇದ್ದ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತರು. ನನಗೆ ಅಳು ಬಂತು. ಅವರಿಗೆ ಬಂದಿತ್ತೋ ಇಲ್ಲವೋ ಕಾಣಲಿಲ್ಲ, ಮುಖ ಆ ಕಡೆಗಿತ್ತು.

"ಈಗ ಬರೀರಿ" ಎಂದರು. ಅಲ್ಲೇ ಕೂತು ಬರೆದೆ. "ಕ್ಲಾರಿನೆಟ್: ಮುನಿಸ್ವಾಮಿ." ಓದಿ ಹೇಳಿ ಎಂದರು, ಓದಿದೆ. ಇನ್ನೊಂದು ಸಲ, ಹೆಸರು ಮಾತ್ರ, ಎಂದರು.

ಸಂಜೆಯ ರೈಲಿಗೆ ಮತ್ತೆ ವಿಶಾಖಪಟ್ಟಣದ ಕಡೆ ಹೊರಟೆ, ರಾವುಗಾರರ ತಟ್ಟೆ ಕೊಡಬೇಕಿತ್ತಲ್ಲ. ತೊಡೆಯ ಮೇಲೆ ರೇಷ್ಮೆಯ ಗಂಟು, ಅದರ ಪಕ್ಕ ಕಂಪ್ಯೂಟರ್. ಪಟ್ಟಿಯನ್ನು ಕಳಿಸುವ ಮೊದಲು ಕಡೆಯ ಕಾಲಂ ನೋಡಿದೆ. "ಕೊನೆಯಲ್ಲಿ ಮೂರು ಹೆಚ್ಚುವರಿ ಸ್ವರ. ತಪ್ಪಾಗಿರಬಹುದು" ಎಂದು ಇನ್ನೂ ಹಾಗೇ ಇತ್ತು. ಅದನ್ನು ಅಳಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಆ ಕಾಲಂನಲ್ಲಿ ಬಿರುಕು, ಗೀರು ಬಿಟ್ಟು ಬೇರೇನನ್ನೂ ಬರೆದವಳಲ್ಲ. ಈಗ ಬರೆದೆ: "ಕೊನೆಯ ಮೂರು ಸ್ವರ ಹೆಂಡತಿಗೆ. ಬಾಗಿಲು ತೆಗೆಯಲು."